ಆಪ್ತಸಮಾಲೋಚನಾ ಸೇವೆಯಲ್ಲಿ ಸೇವಾರ್ಥಿಯ ವೈಯಕ್ತಿಕ ಮಾಹಿತಿ: ಮೊದಲ ಕರೆಯಿಂದ ಕಡತ ಮುಚ್ಚುವವರೆಗಿನ ಮಾರ್ಗದರ್ಶಿ

ಆಪ್ತಸಮಾಲೋಚನೆಗೆ ಬಂದು ಕುಳಿತವರು ತಮ್ಮೊಬ್ಬರ ಸಂಗತಿಯನ್ನಷ್ಟೇ ಹೇಳುವುದಿಲ್ಲ. ಸಂಗಾತಿಯ ಕುಡಿತ, ಮಗಳ ಆತ್ಮಹತ್ಯೆ ಯತ್ನ, ಬಾಲ್ಯದಲ್ಲಿ ಸಂಬಂಧಿಯೊಬ್ಬರಿಂದ ಆದ ದೌರ್ಜನ್ಯ, ಮೇಲಧಿಕಾರಿಯ ಕಿರುಕುಳ, ಹೀಗೆ ಹಲವರ ಬದುಕಿನ ಒಳವಿವರಗಳು ಆ ಒಂದು ಗಂಟೆಯಲ್ಲಿ ಹೊರಬರುತ್ತವೆ. ಅವು ಸಮಾಲೋಚಕರ ಕಿವಿಗೆ ಬಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಟಿಪ್ಪಣಿಯಾಗಿ ಕಡತ ಸೇರುತ್ತವೆ, ಕಡತ ಕಂಪ್ಯೂಟರಿಗೆ ಏರುತ್ತದೆ, ಅದರ ಬ್ಯಾಕಪ್ ಮತ್ತೆಲ್ಲೋ ಇರುವ ಸರ್ವರಿಗೆ ಹೋಗುತ್ತದೆ, ಬಿಲ್ಲು ಲೆಕ್ಕಪತ್ರ ನೋಡುವವರ ಮೇಜಿಗೆ ಬರುತ್ತದೆ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಿಕೊಳ್ಳಬಹುದು. ಬಾಲ್ಯದಲ್ಲಿ ನಡೆದದ್ದು ಸೋರಿದರೆ ಬದಲಾಯಿಸಿಕೊಳ್ಳಲು ಏನೂ ಇರುವುದಿಲ್ಲ.

ಫಿನ್‌ಲ್ಯಾಂಡಿನ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆಯಲ್ಲಿ ಆದದ್ದನ್ನು ಈ ಕ್ಷೇತ್ರದಲ್ಲಿರುವ ಪ್ರತಿಯೊಬ್ಬರೂ ತಿಳಿದಿರಬೇಕು. 2020ರ ಅಕ್ಟೋಬರಿನಲ್ಲಿ ಬೆಳಕಿಗೆ ಬಂದ ಆ ಪ್ರಕರಣದಲ್ಲಿ ಸುಮಾರು 33,000 ಜನರ ಮಾಹಿತಿ ಕಳುವಾಗಿತ್ತು, ಅದರಲ್ಲಿ ಚಿಕಿತ್ಸೆಯ ಟಿಪ್ಪಣಿಗಳೂ ಇದ್ದವು. ಕದ್ದವನು ಮೊದಲು ಸಂಸ್ಥೆಯನ್ನು ಬೆದರಿಸಿದ. ಬಳಿಕ ಚಿಕಿತ್ಸೆ ಪಡೆದವರಿಗೇ ನೇರವಾಗಿ ಇಮೇಲ್ ಕಳುಹಿಸಿ, 200 ಯೂರೋ ಮೌಲ್ಯದ ಬಿಟ್‌ಕಾಯಿನ್ ಕೊಡದಿದ್ದರೆ ನಿಮ್ಮ ಮಾತುಗಳನ್ನು ಬಹಿರಂಗಪಡಿಸುತ್ತೇನೆ ಎಂದು ಹೆದರಿಸಿದ. ದತ್ತಸಂಚಯ ಅಂತರಜಾಲಕ್ಕೆ ತೆರೆದುಕೊಂಡಿತ್ತು, ಅದರ ಮುಖ್ಯ ಖಾತೆಗೆ ಪಾಸ್‌ವರ್ಡೇ ಇರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. 2021ರ ಆರಂಭದಲ್ಲಿ ಸಂಸ್ಥೆ ದಿವಾಳಿಯಾಯಿತು, ಅದೇ ವರ್ಷದ ಕೊನೆಗೆ ಅಲ್ಲಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರ 6,08,000 ಯೂರೋ ದಂಡ ವಿಧಿಸಿತು, 2024ರಲ್ಲಿ ಅಪರಾಧಿಗೆ ಆರು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು. ಹೊರಬಿದ್ದ ಟಿಪ್ಪಣಿಗಳನ್ನು ಮಾತ್ರ ಯಾವ ನ್ಯಾಯಾಲಯವೂ ಮರಳಿ ತರಲಾಗಲಿಲ್ಲ.

ಒಬ್ಬರೇ ವೃತ್ತಿ ನಡೆಸುವ ಸಮಾಲೋಚಕರು, ಸಣ್ಣ ಕೇಂದ್ರಗಳು ಮತ್ತು ಸಹಾಯವಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಸೇವೆ ಪಡೆಯುವವರೂ ಇದನ್ನು ಓದಬಹುದು. ಇಲ್ಲಿನ ಪ್ರತಿ ಹೆಜ್ಜೆಯನ್ನೂ ತಾವು ಹೋಗುವ ಕೇಂದ್ರಕ್ಕೆ ಕೇಳಬೇಕಾದ ಪ್ರಶ್ನೆಯಾಗಿ ತಿರುಗಿಸಿಕೊಳ್ಳಬಹುದು. ಎಲ್ಲ ಹೆಜ್ಜೆಗಳ ಹಿಂದೆಯೂ ಇರುವ ಅಳತೆಗೋಲು ಒಂದೇ: ತಾನು ಆಡಿದ ಮಾತು ಎಲ್ಲೆಲ್ಲಿಗೆ ಹೋಗಿದೆ ಎಂದು ಮುಂದೊಂದು ದಿನ ಪೂರ್ತಿಯಾಗಿ ತಿಳಿದಾಗ ಸೇವಾರ್ಥಿಗೆ ಅಚ್ಚರಿಯಾಗಬಾರದು.

ಹೆಜ್ಜೆ 1: ಮಾಹಿತಿ ಹರಿಯುವ ದಾರಿಯನ್ನು ಕಾಗದದ ಮೇಲೆ ಬರೆಯಿರಿ

ನೀತಿಪತ್ರ ಬರೆಯುವುದಕ್ಕೂ, ತಂತ್ರಾಂಶ ಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಒಬ್ಬ ಕಾಲ್ಪನಿಕ ಸೇವಾರ್ಥಿಯನ್ನು ಇಟ್ಟುಕೊಂಡು, ಆಕೆ ಮೊದಲ ಸಲ ಕರೆ ಮಾಡಿದ ಕ್ಷಣದಿಂದ ಕೊನೆಯ ಭೇಟಿ ಮುಗಿದು ವರ್ಷಗಳು ಕಳೆಯುವವರೆಗೆ ಆಕೆಯ ಮಾಹಿತಿ ಎಲ್ಲೆಲ್ಲಿ ಕುಳಿತುಕೊಳ್ಳುತ್ತದೆ ಎಂಬುದನ್ನು ಸಾಲಾಗಿ ಬರೆಯಿರಿ. ಪ್ರತಿ ಸಾಲಿನ ಎದುರು ಏನು ಮಾಹಿತಿ, ಯಾರು ನೋಡಬಲ್ಲರು, ಯಾವ ಕೆಲಸಕ್ಕೆ ಬೇಕು, ಯಾವಾಗ ಅಳಿಸುತ್ತೇವೆ ಎಂಬ ನಾಲ್ಕು ಅಂಕಣಗಳಿರಲಿ.

ಕಡತದ ಬೀರು ಮತ್ತು ಕಂಪ್ಯೂಟರ್ ಎಲ್ಲರಿಗೂ ನೆನಪಾಗುತ್ತವೆ. ಮರೆತುಹೋಗುವ ಜಾಗಗಳೇ ಬೇರೆ. ಸ್ವಾಗತ ಮೇಜಿನ ಮೇಲೆ ತೆರೆದಿಟ್ಟ ಸಮಯ ನಿಗದಿ ಪುಸ್ತಕ, ಸಮಾಲೋಚಕರ ಸ್ವಂತ ಮೊಬೈಲಿನಲ್ಲಿ ಪೂರ್ಣ ಹೆಸರಿನೊಂದಿಗೆ ಉಳಿಸಿಕೊಂಡ ಸಂಖ್ಯೆ, ವಾಟ್ಸ್‌ಆ್ಯಪ್ ಮಾತುಕತೆಯ ಬ್ಯಾಕಪ್, ಒಪ್ಪಿಗೆ ಪತ್ರದ ಫೋಟೊ ತೆಗೆದಾಗ ಅದು ತಾನಾಗಿಯೇ ಹೋಗಿ ಸೇರಿದ ಕ್ಲೌಡ್ ಖಾತೆ, ವಿಡಿಯೊ ಭೇಟಿಯ ಪಕ್ಕದ ಚಾಟ್, ಕಳುಹಿಸದೆ ಬಿಟ್ಟ ಇಮೇಲ್ ಕರಡು, ಮುದ್ರಕದ ತಟ್ಟೆಯಲ್ಲಿ ಉಳಿದ ಹಾಳೆ. ಈ ಪಟ್ಟಿಯನ್ನು ಒಬ್ಬರೇ ಕೂತು ಮಾಡಿದರೆ ಅರ್ಧವೂ ಆಗುವುದಿಲ್ಲ. ಸ್ವಾಗತಕಾರರು, ಲೆಕ್ಕಪತ್ರ ನೋಡುವವರು, ಸ್ವಯಂಸೇವಕರು ಎಲ್ಲರನ್ನೂ ಕೂರಿಸಿಕೊಂಡು ಮಾಡಿ, ಏಕೆಂದರೆ ನಿಜವಾಗಿ ಏನು ನಡೆಯುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹೆಜ್ಜೆ 2: ಕೇಳುವುದನ್ನೇ ಕಡಿಮೆ ಮಾಡಿ

ನಿಮ್ಮ ನೋಂದಣಿ ನಮೂನೆಯನ್ನು ತೆಗೆದು ಪ್ರತಿಯೊಂದು ಪ್ರಶ್ನೆಯ ಮುಂದೆ ನಿಲ್ಲಿ: ಇದಕ್ಕೆ ಬರುವ ಉತ್ತರದಿಂದ ನಾವು ಯಾವ ನಿರ್ಧಾರ ಕೈಗೊಳ್ಳುತ್ತೇವೆ? ಉತ್ತರ ಹೊಳೆಯದಿದ್ದರೆ ಪ್ರಶ್ನೆಯನ್ನು ತೆಗೆದುಹಾಕಿ. ಕೆಲಸ ಮಾಡುವ ಸಂಸ್ಥೆಯ ಹೆಸರು, ವರಮಾನ, ಧರ್ಮ, ಹೆತ್ತವರ ವೃತ್ತಿ ಮೊದಲಾದವು ಹಳೆಯ ಆಸ್ಪತ್ರೆ ನಮೂನೆಗಳಿಂದ ನಕಲಾಗಿ ಬಂದು ಹಾಗೇ ಉಳಿದಿರುತ್ತವೆ. ಬೇಕೆನಿಸಿದರೆ ಸಮಾಲೋಚಕರು ಮಾತಿನ ನಡುವೆ ಕೇಳಿಕೊಳ್ಳಬಹುದು; ಬಾಗಿಲಲ್ಲೇ ಎಲ್ಲರಿಂದಲೂ ಬರೆಸಿಕೊಳ್ಳಬೇಕಾಗಿಲ್ಲ.

ಸಹಾಯವಾಣಿಯಲ್ಲಿ ಹೆಸರು ಕೇಳದೆಯೂ ಬಹುಪಾಲು ಕರೆಗಳಿಗೆ ಸ್ಪಂದಿಸಬಹುದು. ಆದರೆ ಕರೆ ಮಾಡಿದವರ ಸಂಖ್ಯೆ ತಂತ್ರಾಂಶದಲ್ಲಿ ತಾನಾಗಿಯೇ ದಾಖಲಾಗುತ್ತಿದ್ದರೆ, ನಾವು ಯಾರ ಗುರುತನ್ನೂ ಕೇಳುವುದಿಲ್ಲ ಎಂದು ಪ್ರಚಾರ ಮಾಡುವುದು ಸತ್ಯವಾಗುವುದಿಲ್ಲ. ಗುರುತು ಉಳಿಯುತ್ತದೆಯೇ, ಎಷ್ಟು ದಿನ ಉಳಿಯುತ್ತದೆ, ಪ್ರಾಣಾಪಾಯದ ಸಂದರ್ಭದಲ್ಲಿ ಆ ಸಂಖ್ಯೆಯನ್ನು ತುರ್ತು ಸೇವೆಗೆ ಕೊಡುತ್ತೀರಾ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ.

ಹೆಜ್ಜೆ 3: ಗೋಪ್ಯತೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೊದಲೇ ಬಾಯಿಮಾತಿನಲ್ಲಿ ಹೇಳಿ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಒಪ್ಪಿಗೆ ಸಿಕ್ಕಿತೆಂದು ತಿಳಿಯಬಾರದು. ನಿದ್ರೆಯಿಲ್ಲದೆ, ಆತಂಕದಲ್ಲಿ, ಅಳುವನ್ನು ತಡೆದುಕೊಂಡು ಬಂದವರು ನಾಲ್ಕು ಪುಟದ ಸಣ್ಣಕ್ಷರವನ್ನು ಓದುವುದಿಲ್ಲ. ಆದ್ದರಿಂದ ಪತ್ರ ಏನೇ ಇರಲಿ, ಮೊದಲ ಭೇಟಿಯ ಆರಂಭದಲ್ಲಿ ಎರಡು ನಿಮಿಷ ತೆಗೆದುಕೊಂಡು ಈ ರೀತಿ ಹೇಳಿ:

"ನೀವು ಇಲ್ಲಿ ಹೇಳಿದ್ದನ್ನು ನಾನು ನಿಮ್ಮ ಮನೆಯವರಿಗಾಗಲಿ, ಕೆಲಸದ ಕಡೆಯವರಿಗಾಗಲಿ ಹೇಳುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಬೇರೆಯವರಿಗೆ ತಿಳಿಸಬೇಕಾಗಬಹುದು. ನಿಮ್ಮ ಪ್ರಾಣಕ್ಕೆ ಅಥವಾ ಬೇರೊಬ್ಬರ ಪ್ರಾಣಕ್ಕೆ ಅಪಾಯವಿದೆ ಎನಿಸಿದಾಗ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಗೊತ್ತಾದಾಗ, ನ್ಯಾಯಾಲಯ ಆದೇಶ ಕೊಟ್ಟಾಗ. ಆಗಲೂ ಸಾಧ್ಯವಾದರೆ ಮೊದಲು ನಿಮಗೇ ಹೇಳುತ್ತೇನೆ, ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ನಾನು ಪುಟ್ಟದಾಗಿ ಟಿಪ್ಪಣಿ ಬರೆದುಕೊಳ್ಳುತ್ತೇನೆ, ಅದನ್ನು ನಾನು ಮತ್ತು ನನ್ನ ಮೇಲ್ವಿಚಾರಕರು ನೋಡಬಹುದು. ಇದರಲ್ಲಿ ಏನಾದರೂ ಕೇಳಬೇಕೆನಿಸುತ್ತದೆಯೇ?"

ಈ ಮಾತು ಕೇಳಿ ಕೆಲವರು ಸ್ವಲ್ಪ ಹಿಂಜರಿಯಬಹುದು. ಹಿಂಜರಿದರೂ ಹೇಳಲೇಬೇಕು, ಏಕೆಂದರೆ ಎಲ್ಲವೂ ನಮ್ಮಿಬ್ಬರಲ್ಲೇ ಇರುತ್ತದೆ ಎಂದು ನಂಬಿಸಿ, ಆಮೇಲೆ ಕುಟುಂಬಕ್ಕೆ ಕರೆ ಮಾಡಿದರೆ ಆ ವ್ಯಕ್ತಿ ಮತ್ತೆ ಯಾವ ಸಮಾಲೋಚಕರ ಬಾಗಿಲನ್ನೂ ತಟ್ಟದಿರಬಹುದು.

ಮಿತಿಗಳು ಎಲ್ಲ ಕಡೆ ಒಂದೇ ಅಲ್ಲದ ಕಾರಣ ನಿಮ್ಮಲ್ಲಿ ಜಾರಿಯಲ್ಲಿರುವ ಕಾನೂನನ್ನು ಓದಿಕೊಂಡೇ ಮೇಲಿನ ಮಾತುಗಳನ್ನು ಹೊಂದಿಸಿಕೊಳ್ಳಿ. ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1976ರ ಟರಾಸಾಫ್ ತೀರ್ಪಿನಲ್ಲಿ, ತಮ್ಮ ರೋಗಿಯಿಂದ ಮತ್ತೊಬ್ಬರಿಗೆ ಗಂಭೀರ ಅಪಾಯವಿದೆ ಎಂದು ಕಂಡಾಗ ಅವರನ್ನು ರಕ್ಷಿಸಲು ಸೂಕ್ತ ಕ್ರಮ ಕೈಗೊಳ್ಳುವುದು ಚಿಕಿತ್ಸಕರ ಕರ್ತವ್ಯ ಎಂದಿತು. ಅದರ ಪ್ರಭಾವ ಹಲವೆಡೆ ಕಾಣುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಒಪ್ಪಿ, ವಿನಾಯಿತಿಗಳನ್ನು ಪಟ್ಟಿ ಮಾಡುತ್ತದೆ. ಇನ್ನೊಬ್ಬರನ್ನು ಹಾನಿಯಿಂದ ಕಾಪಾಡಲು ಮಾಹಿತಿ ಕೊಡುವಾಗಲೂ ಆ ಹಾನಿಯನ್ನು ತಡೆಯಲು ಬೇಕಾದಷ್ಟನ್ನು ಮಾತ್ರ ಕೊಡಬೇಕು ಎಂದು ಅದು ಹೇಳುವುದು ನನಗೆ ಬಹಳ ಮುಖ್ಯವೆನಿಸುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಅನ್ವಯವಾಗಿರುವ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ನಿಯಮದ 9ನೇ ವಿಧಿ ಆರೋಗ್ಯದ ಮಾಹಿತಿಯನ್ನು ವಿಶೇಷ ರಕ್ಷಣೆಯ ವರ್ಗದಲ್ಲಿ ಇರಿಸುತ್ತದೆ.

ಒಪ್ಪಿಗೆಗಳನ್ನು ಒಂದೇ ಸಹಿಯಡಿ ಕಟ್ಟಿಹಾಕಬೇಡಿ. ಸಮಾಲೋಚನೆಗೆ ಒಪ್ಪಿದವರು ಧ್ವನಿಮುದ್ರಣಕ್ಕೆ ಒಪ್ಪಿದಂತಲ್ಲ, ಸಂಶೋಧನೆಗೆ ಒಪ್ಪಿದಂತಲ್ಲ, ಮೊಬೈಲಿಗೆ ಸಂದೇಶ ಕಳುಹಿಸಲು ಒಪ್ಪಿದಂತೆಯೂ ಅಲ್ಲ. ಅಮೆರಿಕದ ಕ್ರೈಸಿಸ್ ಟೆಕ್ಸ್ಟ್ ಲೈನ್ ಎಂಬ ಸಂದೇಶ ಸಹಾಯವಾಣಿ, ಗುರುತಿನ ವಿವರ ತೆಗೆದ ಮಾತುಕತೆಗಳನ್ನು ಗ್ರಾಹಕ ಸೇವೆಯ ತಂತ್ರಾಂಶ ಮಾಡುವ ತನ್ನದೇ ಅಂಗ ಕಂಪನಿಯೊಂದಕ್ಕೆ ಕೊಡುತ್ತಿದ್ದ ವಿಷಯ 2022ರ ಜನವರಿಯಲ್ಲಿ ವರದಿಯಾಯಿತು. ಬಳಕೆದಾರರು ಷರತ್ತುಗಳಿಗೆ ಒಪ್ಪಿದ್ದರು ಎಂಬ ಸಮರ್ಥನೆ ನಿಲ್ಲಲಿಲ್ಲ, ಕೆಲವೇ ದಿನಗಳಲ್ಲಿ ಆ ಹಂಚಿಕೆಯನ್ನು ನಿಲ್ಲಿಸಬೇಕಾಯಿತು. ಬದುಕಬೇಕೋ ಬೇಡವೋ ಎಂಬ ಹೊಯ್ದಾಟದಲ್ಲಿ ಸಂದೇಶ ಕಳುಹಿಸುವವರು ಷರತ್ತುಗಳ ಕೊಂಡಿಯನ್ನು ಒತ್ತಿ ಓದಿರುತ್ತಾರೆ ಎಂದು ಯಾರೂ ನಂಬಲಾರರು.

ಹದಿಹರೆಯದವರ ವಿಷಯದಲ್ಲಿ ಈ ಮಾತುಕತೆ ಎರಡು ಸಲ ನಡೆಯಬೇಕು, ಒಮ್ಮೆ ಹೆತ್ತವರ ಎದುರು, ಒಮ್ಮೆ ಅವರೊಬ್ಬರೊಂದಿಗೇ. ಹೆತ್ತವರಿಗೆ ಏನನ್ನು ತಿಳಿಸಲಾಗುತ್ತದೆ, ಏನನ್ನು ತಿಳಿಸುವುದಿಲ್ಲ ಎಂಬುದು ಇಬ್ಬರಿಗೂ ಒಂದೇ ರೀತಿ ಗೊತ್ತಿರಲಿ.

ಹೆಜ್ಜೆ 4: ಟಿಪ್ಪಣಿ ಬರೆಯುವ ಕೈಯನ್ನು ಪಳಗಿಸಿ

ಎಲ್ಲ ತಾಂತ್ರಿಕ ರಕ್ಷಣೆಗಳಿಗಿಂತ ಹೆಚ್ಚಿನ ರಕ್ಷಣೆ ಇಲ್ಲೇ ಸಿಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಬರೆಯದೇ ಇದ್ದದ್ದನ್ನು ಯಾರೂ ಕದಿಯಲಾರರು. ಒಂದೇ ಭೇಟಿಯ ಬಗ್ಗೆ ಎರಡು ರೀತಿ ಬರೆದ ಟಿಪ್ಪಣಿಯನ್ನು ನೋಡಿ. ಇದು ಉದಾಹರಣೆಗಾಗಿ ಕಟ್ಟಿದ್ದು.

ಮೊದಲನೆಯದು: "ಬಹಳ ಹಟಮಾರಿ. ತಂಗಿ ಗಂಡನನ್ನು ಬಿಟ್ಟು ಬ್ಯಾಂಕಿನಲ್ಲಿ ಕೆಲಸ ಮಾಡುವ ಬೇರೊಬ್ಬನ ಜೊತೆ ಇದ್ದಾಳಂತೆ, ಅದಕ್ಕೆ ಸಿಟ್ಟು. ಸತ್ತುಹೋಗಬೇಕು ಅನ್ನಿಸುತ್ತದೆ ಎಂದರು, ಗಮನ ಸೆಳೆಯಲು ಇರಬಹುದು."

ಎರಡನೆಯದು: "ಕುಟುಂಬದವರೊಬ್ಬರ ನಿರ್ಧಾರದಿಂದ ಬಂದ ಸಿಟ್ಟು, ನಿದ್ರೆಯ ತೊಂದರೆ ಕುರಿತು ಮಾತು. 'ಸತ್ತುಹೋಗಬೇಕು ಅನ್ನಿಸುತ್ತದೆ' ಎಂದರು. ನೇರವಾಗಿ ಕೇಳಿದಾಗ, ಯೋಜನೆ ಮಾಡಿಲ್ಲ, ಹಿಂದೆ ಯತ್ನಿಸಿಲ್ಲ ಎಂದರು. ಸುರಕ್ಷತಾ ಯೋಜನೆಯನ್ನು ಒಟ್ಟಿಗೆ ಬರೆದೆವು. ನಂಬಿಕೆಯ ಒಬ್ಬ ಸ್ನೇಹಿತೆಗೆ ತಿಳಿಸಲು ಒಪ್ಪಿದರು. ಮುಂದಿನ ಭೇಟಿ ಮೂರು ದಿನದಲ್ಲಿ."

ಮೊದಲನೆಯ ಟಿಪ್ಪಣಿಯಲ್ಲಿ ಈ ಕೋಣೆಗೆ ಎಂದೂ ಕಾಲಿಡದ, ಒಪ್ಪಿಗೆಯನ್ನೂ ಕೊಡದ ಇಬ್ಬರ ಖಾಸಗಿ ಬದುಕು ಸೇರಿಕೊಂಡಿದೆ, ಸೇವಾರ್ಥಿಯ ಸ್ವಭಾವದ ಮೇಲೆ ತೀರ್ಪಿದೆ, ಮತ್ತು ಎಲ್ಲಕ್ಕಿಂತ ಮುಖ್ಯವಾದ ಅಪಾಯದ ವಿಚಾರಣೆಯೇ ಇಲ್ಲ. ಎರಡನೆಯದರಲ್ಲಿ ಹೊರಗಿನವರ ಗುರುತು ಸಿಗುವುದಿಲ್ಲ, ಆದರೆ ಮುಂದೆ ಚಿಕಿತ್ಸೆ ಮಾಡುವವರಿಗೆ ಬೇಕಾದದ್ದೆಲ್ಲ ಇದೆ. ಕಡಿಮೆ ಬರೆಯಿರಿ ಎಂದಾಗ ಕೆಲವರು ಅಪಾಯದ ವಿಷಯವನ್ನೂ ಬಿಟ್ಟುಬಿಡುತ್ತಾರೆ, ಅದು ತಪ್ಪು. ಅಪಾಯ, ಅದಕ್ಕಾಗಿ ಕೈಗೊಂಡ ಕ್ರಮ, ತೆಗೆದುಕೊಂಡ ನಿರ್ಧಾರದ ಕಾರಣ, ಇವು ವಿವರವಾಗಿಯೇ ಇರಬೇಕು. ಬಿಡಬೇಕಾದದ್ದು ಕಥೆಯ ಅಲಂಕಾರ, ಮೂರನೆಯವರ ಹೆಸರು, ನಿಮ್ಮ ಊಹೆ.

ಬರೆಯುವ ಪ್ರತಿ ವಾಕ್ಯವನ್ನೂ ಸೇವಾರ್ಥಿಯೇ ಪಕ್ಕದಲ್ಲಿ ಕೂತು ಓದುತ್ತಿದ್ದಾರೆ ಎಂದುಕೊಂಡು ಬರೆಯಿರಿ. ಬಹಳಷ್ಟು ಕಾನೂನುಗಳ ಪ್ರಕಾರ ಅವರು ಒಂದು ದಿನ ಓದಲೂಬಹುದು.

ತಮ್ಮ ಆಲೋಚನೆಗೆಂದು ಬರೆದುಕೊಳ್ಳುವ ಟಿಪ್ಪಣಿ ಮತ್ತು ಅಧಿಕೃತ ಕಡತ ಬೇರೆ ಬೇರೆ ಇರಬಹುದೇ ಎಂಬ ಪ್ರಶ್ನೆ ಆಗಾಗ ಬರುತ್ತದೆ. ಆರೋಗ್ಯ ಮಾಹಿತಿಯ ಗೋಪ್ಯತೆಗಾಗಿ ಅಮೆರಿಕದಲ್ಲಿರುವ ಹಿಪಾ ನಿಯಮಗಳು ಮಾತುಕತೆಯ ಒಳವಿವರವನ್ನು ವಿಶ್ಲೇಷಿಸುವ ಟಿಪ್ಪಣಿಗಳಿಗೆ, ಅವನ್ನು ಉಳಿದ ಕಡತದಿಂದ ಪ್ರತ್ಯೇಕವಾಗಿ ಇಟ್ಟಿದ್ದರೆ ಮಾತ್ರ, ಹೆಚ್ಚಿನ ರಕ್ಷಣೆ ಕೊಡುತ್ತವೆ; ಔಷಧಿ, ಭೇಟಿಯ ಸಮಯ, ರೋಗನಿರ್ಣಯದ ಸಾರಾಂಶ, ಚಿಕಿತ್ಸಾ ಯೋಜನೆ ಮೊದಲಾದವು ಆ ರಕ್ಷಣೆಯೊಳಗೆ ಬರುವುದಿಲ್ಲ. ಬೇರೆಡೆ ಇಂಥ ಭೇದವೇ ಇಲ್ಲದಿರಬಹುದು, ಅಲ್ಲಿ ಖಾಸಗಿ ನೋಟ್‌ಬುಕ್ಕನ್ನೂ ನ್ಯಾಯಾಲಯ ತರಿಸಿಕೊಳ್ಳಬಹುದು. ಹಾಗಾಗಿ ಎರಡನೆಯ ಪುಸ್ತಕವನ್ನು ಅಡಗುತಾಣವೆಂದು ನಂಬಬೇಡಿ.

ಹೆಜ್ಜೆ 5: ಯಾರು ನೋಡಬಹುದು ಎಂಬುದನ್ನು ಕೆಲಸದ ಪ್ರಕಾರ ಹಂಚಿ

ಸ್ವಾಗತಕಾರರಿಗೆ ಹೆಸರು, ಸಂಖ್ಯೆ, ಸಮಯ ಸಾಕು. ಲೆಕ್ಕಪತ್ರ ನೋಡುವವರಿಗೆ ದಿನಾಂಕ ಮತ್ತು ಮೊತ್ತ ಸಾಕು. ಟಿಪ್ಪಣಿಯನ್ನು ಆ ಸೇವಾರ್ಥಿಯ ಸಮಾಲೋಚಕರು ಮತ್ತು ಮೇಲ್ವಿಚಾರಕರು ಮಾತ್ರ ತೆರೆಯುವಂತಿರಲಿ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್ ಇರಲಿ. ಇಡೀ ಕೇಂದ್ರ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದರೆ ಯಾರು ಏನು ತೆರೆದರು ಎಂಬುದು ಎಂದಿಗೂ ತಿಳಿಯುವುದಿಲ್ಲ. ಎರಡು ಹಂತದ ದೃಢೀಕರಣ, ಲ್ಯಾಪ್‌ಟಾಪ್ ಮತ್ತು ಬ್ಯಾಕಪ್ ಎರಡಕ್ಕೂ ಎನ್‌ಕ್ರಿಪ್ಶನ್ (ಕೀಲಿಪದವಿಲ್ಲದೆ ಓದಲಾಗದಂತೆ ಮಾಹಿತಿಯನ್ನು ಗೂಢಲಿಪಿಗೆ ಬದಲಿಸುವುದು), ಕೆಲವು ನಿಮಿಷ ಬಿಟ್ಟರೆ ತಾನಾಗಿ ಲಾಕ್ ಆಗುವ ಪರದೆ, ತಪ್ಪದೆ ಹಾಕಿಕೊಳ್ಳುವ ಅಪ್‌ಡೇಟ್, ಕೆಲಸ ಬಿಟ್ಟವರ ಖಾತೆಯನ್ನು ಅದೇ ದಿನ ಮುಚ್ಚುವುದು: ಇಷ್ಟನ್ನು ಸಣ್ಣ ಕೇಂದ್ರವೂ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದು. ಬ್ಯಾಕಪ್ ಇದೆ ಎಂದಷ್ಟೇ ನಂಬದೆ, ಅದರಿಂದ ಒಂದು ಕಡತವನ್ನು ಮರಳಿ ತೆಗೆಯಲು ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸಿ.

ತೆರೆದವರ ದಾಖಲೆಯನ್ನು ಯಾರಾದರೊಬ್ಬರು ನಿಜವಾಗಿ ನೋಡಬೇಕು. ಪರಿಚಿತರ, ನೆರೆಯವರ, ಹೆಸರಾಂತರ ಕಡತಗಳನ್ನು ಕುತೂಹಲಕ್ಕೆ ತೆರೆದು ನೋಡುವುದು ಆರೋಗ್ಯ ಸೇವೆಗಳಲ್ಲಿ ಹಳೆಯ ಚಾಳಿ. ಸಿಬ್ಬಂದಿಯಲ್ಲೇ ಒಬ್ಬರು ಸಮಾಲೋಚನೆ ಪಡೆಯುತ್ತಿದ್ದರೆ ಅವರ ಕಡತಕ್ಕೆ ಇನ್ನೊಂದು ಹಂತದ ಬೀಗ ಇರಲಿ.

ಹೆಜ್ಜೆ 6: ಸಂದೇಶ, ಕರೆ, ಬಿಲ್ಲುಗಳಲ್ಲಿ ಸೇವೆಯ ಸ್ವರೂಪ ಬಯಲಾಗದಂತೆ ನೋಡಿಕೊಳ್ಳಿ

ಒಬ್ಬರು ಸಮಾಲೋಚನೆಗೆ ಬರುತ್ತಿದ್ದಾರೆ ಎಂಬುದೇ ಗೋಪ್ಯ ಮಾಹಿತಿ. ಮೊಬೈಲಿನ ಪರದೆ ಲಾಕ್ ಆಗಿದ್ದರೂ ಸಂದೇಶದ ಮೊದಲ ಸಾಲು ಮೇಲೆ ಕಾಣುತ್ತದೆ, ಆ ಮೊಬೈಲ್ ಮನೆಯಲ್ಲಿ ಇನ್ನೊಬ್ಬರ ಕೈಯಲ್ಲಿರಬಹುದು. "ನಾಳೆ ನಿಮ್ಮ ಖಿನ್ನತೆಯ ಚಿಕಿತ್ಸೆ ಸಂಜೆ 5ಕ್ಕೆ" ಎಂದು ಬರೆಯುವ ಬದಲು "ನಾಳೆ ಸಂಜೆ 5ಕ್ಕೆ ಭೇಟಿ ಇದೆ. ಬರಲು ಆಗದಿದ್ದರೆ ತಿಳಿಸಿ" ಎಂದರೆ ಸಾಕು. ಕಳುಹಿಸುವವರ ಹೆಸರಿನಲ್ಲೇ ಮಾನಸಿಕ ಆರೋಗ್ಯ ಎಂಬ ಪದವಿದ್ದರೆ ಸಂದೇಶವನ್ನು ಎಷ್ಟು ಜಾಣ್ಮೆಯಿಂದ ಬರೆದರೂ ಪ್ರಯೋಜನವಿಲ್ಲ.

ಸೆರೆಬ್ರಲ್ ಎಂಬ ಅಮೆರಿಕದ ಆನ್‌ಲೈನ್ ಸೇವೆ 6,000ಕ್ಕೂ ಹೆಚ್ಚು ರೋಗಿಗಳಿಗೆ ಲಕೋಟೆಯಿಲ್ಲದ ಪೋಸ್ಟ್‌ಕಾರ್ಡ್ ಕಳುಹಿಸಿತ್ತು, ಅದರಲ್ಲಿ ಹೆಸರಿನ ಜೊತೆಗೆ ಅವರ ಕಾಯಿಲೆ ಮತ್ತು ಚಿಕಿತ್ಸೆಯನ್ನು ಸೂಚಿಸುವಂಥ ಮಾತುಗಳಿದ್ದವು ಎಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಆರೋಪಿಸಿತು. ಅಂಚೆಯವರಿಂದ ಹಿಡಿದು ಮನೆಮಂದಿಯವರೆಗೆ ಎಲ್ಲರೂ ಓದಬಹುದಾದ ಕಾಗದ ಅದು.

ಯಾವ ಸಂಖ್ಯೆಗೆ, ಯಾವ ಹೊತ್ತಿನಲ್ಲಿ ಕರೆ ಮಾಡಬಹುದು, ಬೇರೆಯವರು ಎತ್ತಿದರೆ ಏನೆಂದು ಪರಿಚಯಿಸಿಕೊಳ್ಳಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಮನೆಯೊಳಗಿನ ಹಿಂಸೆಯಿಂದ ತಪ್ಪಿಸಿಕೊಳ್ಳಲು ನೋಡುತ್ತಿರುವವರ ವಿಷಯದಲ್ಲಿ ಈ ಒಂದು ಸಾಲು ಜೀವ ಉಳಿಸಬಲ್ಲದು. ವಿಡಿಯೊ ಭೇಟಿಯ ಆರಂಭದಲ್ಲಿ "ಈಗ ಅಕ್ಕಪಕ್ಕ ಯಾರಾದರೂ ಇದ್ದಾರೆಯೇ?" ಎಂದು ಹೌದು-ಇಲ್ಲ ಎಂಬ ಉತ್ತರ ಸಾಕಾಗುವಂತೆ ಕೇಳಿ, ಇದ್ದಕ್ಕಿದ್ದಂತೆ ಮಾತು ನಿಲ್ಲಿಸಬೇಕಾದರೆ ಬಳಸಲು ಒಂದು ಸಂಕೇತದ ಮಾತನ್ನೂ ಗೊತ್ತುಮಾಡಿಕೊಳ್ಳಿ.

ಹೆಜ್ಜೆ 7: ಹೊರಗಿನ ಕಂಪನಿಗಳ ತಂತ್ರಾಂಶವನ್ನು ಅನುಮಾನದಿಂದಲೇ ಒಳಗೆ ಬಿಡಿ

ಜಾಲತಾಣದಲ್ಲಿ ಜಾಹೀರಾತು ಕಂಪನಿಗಳ ಅನುಸರಣಾ ಸಂಕೇತ, ಅಂದರೆ ಪಿಕ್ಸೆಲ್, ಕುಳಿತಿದ್ದರೆ ನಿಮ್ಮ ಪುಟಕ್ಕೆ ಯಾರು ಬಂದರು, ಯಾವ ಗುಂಡಿ ಒತ್ತಿದರು ಎಂಬುದು ನಿಮ್ಮ ಕೈಮೀರಿ ಹೊರಗೆ ಹೋಗುತ್ತಿರುತ್ತದೆ. ಬೆಟರ್‌ಹೆಲ್ಪ್ ಎಂಬ ದೊಡ್ಡ ಆನ್‌ಲೈನ್ ಸಮಾಲೋಚನಾ ಸೇವೆ, ಗೋಪ್ಯವಾಗಿಡುತ್ತೇವೆ ಎಂದು ಹೇಳಿಯೂ ಬಳಕೆದಾರರ ಇಮೇಲ್ ವಿಳಾಸ ಮತ್ತು ಆರಂಭದ ಪ್ರಶ್ನಾವಳಿಯ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮೊದಲಾದ ಕಂಪನಿಗಳಿಗೆ ಜಾಹೀರಾತಿಗಾಗಿ ಕೊಟ್ಟಿತು ಎಂದು ಫೆಡರಲ್ ಟ್ರೇಡ್ ಕಮಿಷನ್ ಹೇಳಿತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ನಿಮ್ಮ ಜಾಲತಾಣ ಮಾಡಿಕೊಟ್ಟವರನ್ನು ಕರೆದು, ಯಾವ ಯಾವ ಹೊರಗಿನ ಸಂಕೇತಗಳು ಅದರಲ್ಲಿವೆ ಎಂದು ಕೇಳಿ, ನೋಂದಣಿ ಪುಟ ಮತ್ತು ಸ್ವಯಂ ಪರೀಕ್ಷೆಯ ಪುಟಗಳಿಂದ ಎಲ್ಲವನ್ನೂ ತೆಗೆಸಿ.

ಕಡತ ನಿರ್ವಹಣೆ, ವಿಡಿಯೊ, ಹಣ ಪಾವತಿ ಯಾವುದೇ ಸೇವೆ ಕೊಳ್ಳುವಾಗಲೂ ಲಿಖಿತ ಒಪ್ಪಂದ ಬೇಕು. ಮಾಹಿತಿಯನ್ನು ನಾವು ಹೇಳಿದ ಕೆಲಸಕ್ಕಷ್ಟೇ ಬಳಸಬೇಕು, ಬೇರೆಯವರಿಗೆ ಕೊಡಬಾರದು, ಸೋರಿಕೆಯಾದರೆ ತಕ್ಷಣ ತಿಳಿಸಬೇಕು, ಒಪ್ಪಂದ ಮುಗಿದಾಗ ಮರಳಿಸಿ ಅಳಿಸಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಮಾತನ್ನು ತಾನಾಗಿ ಬರಹಕ್ಕಿಳಿಸಿ ಟಿಪ್ಪಣಿ ತಯಾರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳ ವಿಷಯದಲ್ಲಿ ಇನ್ನೂ ಎರಡು ಪ್ರಶ್ನೆ ಸೇರಿಸಿ: ಧ್ವನಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಅದನ್ನು ನಿಮ್ಮ ಮಾದರಿಯ ತರಬೇತಿಗೆ ಬಳಸುತ್ತೀರಾ? ಸ್ಪಷ್ಟ ಉತ್ತರ ಬರದಿದ್ದರೆ ಆ ಸಾಧನ ಬೇಡ. ಉತ್ತರ ಬಂದರೂ ಸೇವಾರ್ಥಿಯ ಪ್ರತ್ಯೇಕ ಒಪ್ಪಿಗೆ ಬೇಕು, ಮತ್ತು ಬೇಡ ಎಂದವರಿಗೆ ಸೇವೆಯಲ್ಲಿ ಕಿಂಚಿತ್ತೂ ಕೊರತೆಯಾಗಬಾರದು. ಸಾಮಾನ್ಯ ಬಳಕೆಯ ಚಾಟ್‌ಬಾಟ್‌ಗೆ ಸೇವಾರ್ಥಿಯ ಕಥೆಯನ್ನು ಅಂಟಿಸಿ ಸಾರಾಂಶ ಕೇಳುವುದನ್ನು ಸಂಪೂರ್ಣವಾಗಿ ನಿಷೇಧಿಸಿ.

ಹೆಜ್ಜೆ 8: ಮಾಹಿತಿ ಕೇಳಿಕೊಂಡು ಬಂದವರಿಗೆ ಉತ್ತರಿಸುವ ಕ್ರಮ

"ನನ್ನ ಹೆಂಡತಿ ನಿಮ್ಮಲ್ಲಿಗೆ ಬರುತ್ತಾರಲ್ಲವೇ?" ಎಂದು ಕಾಳಜಿಯಿಂದಲೇ ಕೇಳುವ ಗಂಡನಿಗೂ, "ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದನ್ನು ನಾವು ಯಾರಿಗೂ ಹೇಳುವುದಿಲ್ಲ. ನಿಮಗೆ ಏನಾದರೂ ಆತಂಕವಿದ್ದರೆ ಅದನ್ನು ನಾನು ಕೇಳಿಸಿಕೊಳ್ಳಬಲ್ಲೆ" ಎಂಬುದೇ ಉತ್ತರ. ಕೇಳಿಸಿಕೊಳ್ಳುವುದರಿಂದ ಗೋಪ್ಯತೆ ಮುರಿಯುವುದಿಲ್ಲ. ಈ ವಾಕ್ಯವನ್ನು ಸ್ವಾಗತಕಾರರು ತಡವರಿಸದೆ ಹೇಳುವಷ್ಟು ಅಭ್ಯಾಸ ಮಾಡಿಸಿ.

ಪೊಲೀಸರು ಅಥವಾ ವಕೀಲರು ಬಂದರೆ ಲಿಖಿತ ಆದೇಶ ಕೇಳಿ, ಅದು ಯಾರಿಂದ ಬಂದಿದೆ, ಯಾವ ಅವಧಿಯ ಯಾವ ದಾಖಲೆಗೆ ಅನ್ವಯಿಸುತ್ತದೆ ಎಂದು ಓದಿ, ಕಾನೂನು ಸಲಹೆ ಪಡೆದು, ಕೇಳಿದಷ್ಟನ್ನು ಮಾತ್ರ ಕೊಡಿ. ಏನು ಕೊಟ್ಟಿರಿ, ಯಾವಾಗ, ಏಕೆ ಎಂಬುದು ಕಡತದಲ್ಲಿ ದಾಖಲಾಗಲಿ. ಪ್ರಾಣಾಪಾಯದ ತುರ್ತಿನಲ್ಲಿ ಈ ಕ್ರಮಕ್ಕೆ ಕಾಯುವಂತಿಲ್ಲ. ಆಗ ಅಗತ್ಯವಾದದ್ದನ್ನು ತಕ್ಷಣ ತಿಳಿಸಿ, ಕಾರಣವನ್ನು ಅದೇ ದಿನ ಬರೆದಿಡಿ.

ಉದ್ಯೋಗದಾತರು ಹಣ ಕೊಟ್ಟು ನಡೆಸುವ ಸಮಾಲೋಚನೆಯಲ್ಲಿ ಅವರಿಗೆ ಹೋಗಬೇಕಾದದ್ದು ಒಟ್ಟು ಸಂಖ್ಯೆ ಮಾತ್ರ. ಅದರಲ್ಲೂ ಎಚ್ಚರ ಬೇಕು. ಐದು ಜನರ ವಿಭಾಗದಿಂದ ಈ ತಿಂಗಳು ಒಬ್ಬ ಮಹಿಳೆ ಬಂದಿದ್ದಾರೆ ಎಂದು ವರದಿ ಕೊಟ್ಟರೆ ಹೆಸರು ಹೇಳಿದಂತೆಯೇ ಆಯಿತು. ಹೆಸರು ತೆಗೆದರೆ ಗುರುತು ಹೋಗುತ್ತದೆ ಎಂಬ ನಂಬಿಕೆ ಎಷ್ಟು ದುರ್ಬಲ ಎಂಬುದನ್ನು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯ ಸ್ವೀನಿ 2000ದಲ್ಲಿ ತೋರಿಸಿಕೊಟ್ಟರು: ಅಂಚೆ ಸಂಕೇತ, ಹುಟ್ಟಿದ ದಿನಾಂಕ, ಲಿಂಗ ಈ ಮೂರರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂಬುದು ಅವರ ಅಂದಾಜು. ತರಬೇತಿಯಲ್ಲಿ, ಲೇಖನದಲ್ಲಿ, ಮೇಲ್ವಿಚಾರಣೆಯ ಗುಂಪಿನಲ್ಲಿ ಪ್ರಕರಣ ಮಂಡಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಬದುಕಿನ ಘಟನೆಗಳ ವಿಶಿಷ್ಟ ಜೋಡಣೆಯೇ ಒಬ್ಬರ ಗುರುತಾಗಿರುತ್ತದೆ.

ಹೆಜ್ಜೆ 9: ಸೇವಾರ್ಥಿಯೇ ತನ್ನ ಕಡತ ಕೇಳಿದಾಗ

ಅದನ್ನು ದೂರಿನ ಮುನ್ಸೂಚನೆ ಎಂದು ನೋಡಬೇಡಿ. ಜಿಡಿಪಿಆರ್ ಅಡಿಯಲ್ಲಿ ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಹಿಪಾ ಅಡಿಯಲ್ಲಿ 30 ದಿನದೊಳಗೆ ಉತ್ತರಿಸಬೇಕು. ಭಾರತದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 25ನೇ ಸೆಕ್ಷನ್ ಮೂಲಭೂತ ವೈದ್ಯಕೀಯ ದಾಖಲೆ ನೋಡುವ ಹಕ್ಕು ಕೊಟ್ಟು, ಆ ವ್ಯಕ್ತಿಗೆ ಗಂಭೀರ ಮಾನಸಿಕ ಹಾನಿ ಅಥವಾ ಬೇರೆಯವರಿಗೆ ಹಾನಿಯಾಗಬಹುದಾದ ಭಾಗವನ್ನು ಮಾತ್ರ ತಡೆಹಿಡಿಯಲು ಅವಕಾಶ ನೀಡುತ್ತದೆ. ಕೇಳಿದವರು ಅವರೇ ಎಂದು ಖಚಿತಪಡಿಸಿಕೊಳ್ಳಿ, ಮೂರನೆಯವರ ವಿವರಗಳನ್ನು ಮರೆಮಾಡಿ, ಸಾಧ್ಯವಾದರೆ ಸಮಾಲೋಚಕರ ಜೊತೆ ಕೂತು ಓದುವ ಆಯ್ಕೆ ಕೊಡಿ. ವಾಸ್ತವಾಂಶ ತಪ್ಪಿದೆ ಎಂದರೆ ತಿದ್ದಿ; ಅಭಿಪ್ರಾಯ ಒಪ್ಪುವುದಿಲ್ಲ ಎಂದರೆ ಅವರ ಭಿನ್ನಮತವನ್ನೂ ಅದೇ ಕಡತದಲ್ಲಿ ಸೇರಿಸಿ.

ಹೆಜ್ಜೆ 10: ಸೋರಿಕೆಯಾದರೆ ಮೊದಲ ಮೂರು ದಿನ

ಲ್ಯಾಪ್‌ಟಾಪ್ ಕಳೆದುಹೋಗುವುದು, ತಪ್ಪು ವಿಳಾಸಕ್ಕೆ ಇಮೇಲ್ ಹೋಗುವುದು, ಖಾತೆ ಪರರ ವಶವಾಗುವುದು ಎಲ್ಲವೂ ಸೋರಿಕೆಯೇ. ಮೊದಲು ಹರಿವನ್ನು ನಿಲ್ಲಿಸಿ: ಪಾಸ್‌ವರ್ಡ್ ಬದಲಿಸಿ, ಖಾತೆ ಮುಚ್ಚಿ, ದೂರದಿಂದಲೇ ಸಾಧನವನ್ನು ಅಳಿಸಿ, ಆದರೆ ಏನಾಯಿತು ಎಂಬುದರ ಪುರಾವೆಯನ್ನು ಅಳಿಸಬೇಡಿ. ಬಳಿಕ ಯಾರ, ಯಾವ ಮಾಹಿತಿ ಎಂದು ಪಟ್ಟಿ ಮಾಡಿ. ಜಿಡಿಪಿಆರ್ ಪ್ರಕಾರ, ಜನರಿಗೆ ಅಪಾಯವಾಗುವ ಸಂಭವವಿದ್ದರೆ, ವಿಷಯ ತಿಳಿದ 72 ಗಂಟೆಯೊಳಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಅಪಾಯ ಹೆಚ್ಚಿದ್ದರೆ ಆ ವ್ಯಕ್ತಿಗಳಿಗೂ ತಡಮಾಡದೆ ತಿಳಿಸಬೇಕು.

ಸೇವಾರ್ಥಿಗೆ ತಿಳಿಸುವ ಕೆಲಸವನ್ನು ಸಾಮೂಹಿಕ ಇಮೇಲಿಗೆ ಬಿಡಬೇಡಿ. ಅವರ ಸಮಾಲೋಚಕರೇ, ಅವರು ಒಪ್ಪಿದ ಸಂಖ್ಯೆಗೆ ಕರೆ ಮಾಡಿ, ಏನಾಯಿತು, ಯಾವ ವಿವರ ಹೊರಹೋಗಿದೆ, ನಾವು ಏನು ಮಾಡುತ್ತಿದ್ದೇವೆ, ಬೆದರಿಕೆ ಬಂದರೆ ಯಾರಿಗೆ ತಿಳಿಸಬೇಕು ಎಂದು ಹೇಳಲಿ. ಅಪಾಯದ ಅಂಚಿನಲ್ಲಿರುವವರಿಗೆ ಮೊದಲು, ಮತ್ತು ಕರೆಯ ಬೆನ್ನಿಗೇ ಒಂದು ಭೇಟಿಯ ಸಮಯ ಕಾದಿರಿಸಿಟ್ಟುಕೊಂಡು.

ಹೆಜ್ಜೆ 11: ಎಷ್ಟು ಕಾಲ ಇಡಬೇಕು, ನೀವು ಇಲ್ಲದಾಗ ಏನಾಗಬೇಕು

ಅವಧಿಯನ್ನು ಕಾನೂನು ಮತ್ತು ವೃತ್ತಿಸಂಘಗಳು ನಿಗದಿ ಮಾಡಿರುತ್ತವೆ, ಮತ್ತು ಅವುಗಳ ನಡುವೆ ವ್ಯತ್ಯಾಸ ದೊಡ್ಡದು. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಮಾರ್ಗಸೂಚಿಯಲ್ಲಿ, ಬೇರೆ ಕಾನೂನು ಇಲ್ಲದಿದ್ದರೆ, ವಯಸ್ಕರ ಪೂರ್ಣ ದಾಖಲೆಯನ್ನು ಕೊನೆಯ ಸೇವೆಯ ನಂತರ 7 ವರ್ಷ ಇಡುವ ಸಲಹೆಯಿದೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಮಾನಸಿಕ ಆರೋಗ್ಯದ ದಾಖಲೆಗಳಿಗೆ ಸಾಮಾನ್ಯವಾಗಿ 20 ವರ್ಷ. ನಿಮಗೆ ಅನ್ವಯಿಸುವ ಅವಧಿಯನ್ನು ಕಡತದ ಮುಖಪುಟದಲ್ಲೇ ದಿನಾಂಕವಾಗಿ ಬರೆಯಿರಿ. ಆ ದಿನ ಬಂದಾಗ ಕಾಗದವನ್ನು ಚೂರುಚೂರು ಮಾಡುವ ಯಂತ್ರಕ್ಕೆ ಹಾಕಿ, ಕಂಪ್ಯೂಟರಿನ ಪ್ರತಿಯ ಜೊತೆಗೆ ಬ್ಯಾಕಪ್, ಇಮೇಲ್ ಲಗತ್ತು, ಮೊಬೈಲಿನ ಸಂದೇಶ ಎಲ್ಲವನ್ನೂ ಅಳಿಸಿ. ಮೊದಲ ಹೆಜ್ಜೆಯ ಪಟ್ಟಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಒಬ್ಬರೇ ವೃತ್ತಿ ನಡೆಸುವವರು ತಾವು ಹಠಾತ್ತನೆ ಕಾಯಿಲೆ ಬಿದ್ದರೆ ಅಥವಾ ತೀರಿಕೊಂಡರೆ ಏನಾಗಬೇಕು ಎಂಬುದನ್ನು ಬಹುತೇಕ ಬರೆದಿಟ್ಟಿರುವುದಿಲ್ಲ. ಆಗ ಕಡತಗಳ ಬೀರುವನ್ನು ತೆರೆಯುವವರು ಮನೆಯವರು, ಅವರಿಗೆ ಅದನ್ನು ಓದುವ ಹಕ್ಕೂ ಇಲ್ಲ, ನಿಭಾಯಿಸುವ ತರಬೇತಿಯೂ ಇಲ್ಲ. ಅದೇ ವೃತ್ತಿಯ ನಂಬಿಕೆಯ ಒಬ್ಬರನ್ನು ಲಿಖಿತವಾಗಿ ನೇಮಿಸಿ, ಅವರ ಒಪ್ಪಿಗೆ ಪಡೆದು, ಬೀಗದ ಕೈ ಎಲ್ಲಿದೆ, ಈಗಿರುವ ಸೇವಾರ್ಥಿಗಳ ಪಟ್ಟಿ ಎಲ್ಲಿದೆ, ಅವರಿಗೆ ಯಾವ ಮಾತುಗಳಲ್ಲಿ ಸುದ್ದಿ ತಿಳಿಸಬೇಕು, ಯಾವ ಕಡತ ಯಾರಿಗೆ ಹೋಗಬೇಕು, ಯಾವುದನ್ನು ನಾಶಮಾಡಬೇಕು ಎಂದು ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡಿ. ಮನೆಯವರಿಗೆ ಆ ಒಬ್ಬರ ಹೆಸರು ಮತ್ತು ಸಂಖ್ಯೆಯನ್ನಷ್ಟೇ ತಿಳಿಸಿ. ಕೇಂದ್ರ ಮುಚ್ಚುವುದಾದರೂ ಇದೇ ಕ್ರಮ: ಕಡತಗಳು ಯಾರ ವಶಕ್ಕೆ ಹೋಗುತ್ತವೆ ಎಂಬುದನ್ನು ಬಾಗಿಲು ಮುಚ್ಚುವ ಮೊದಲೇ ಸೇವಾರ್ಥಿಗಳಿಗೆ ತಿಳಿಸಿ, ತಮ್ಮ ಪ್ರತಿಯನ್ನು ಪಡೆಯಲು ಅಥವಾ ಬೇರೆ ಸಮಾಲೋಚಕರಿಗೆ ವರ್ಗಾಯಿಸಲು ಅವರಿಗೆ ಸಾಕಷ್ಟು ಸಮಯ ಕೊಡಿ.